ಶಂಭುನಾಥ ದೇ ಮತ್ತು ಕಾಲರಾದ ವಿಷ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲರಾ ಬಂದವರ ದೇಹದಿಂದ ನೀರು ಅಷ್ಟೊಂದು ಹರಿದುಹೋಗುವುದು ಏಕೆ ಎಂಬ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕೊಟ್ಟವರು ಕೋಲ್ಕತ್ತದ ವೈದ್ಯವಿಜ್ಞಾನಿ ಶಂಭುನಾಥ ದೇ. ಅವರ ಕೆಲಸದ ಬಗ್ಗೆ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು, ಚಿಕ್ಕ ಮಕ್ಕಳ ತಂದೆತಾಯಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ರೋಗವೊಂದು ದೇಹದೊಳಗೆ ನಡೆಯುವ ಬಗೆ ಸರಿಯಾಗಿ ತಿಳಿದರೆ ಅದರ ಚಿಕಿತ್ಸೆ ಎಷ್ಟು ಸರಳವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಶಂಭುನಾಥ ದೇ ಯಾರು?

ಅವರು ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ 1915ರ ಫೆಬ್ರವರಿ 1ರಂದು ಹುಟ್ಟಿದರು. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ಓದಿ 1939ರಲ್ಲಿ ವೈದ್ಯರಾದರು. 1947ರಲ್ಲಿ ಲಂಡನ್ನಿಗೆ ಹೋಗಿ ಪೆಥಾಲಜಿ ತಜ್ಞ ಸರ್ ರಾಯ್ ಕ್ಯಾಮರಾನ್ ಅವರ ಕೈಕೆಳಗೆ ಸಂಶೋಧನೆ ನಡೆಸಿ, 1949ರಲ್ಲಿ ಪಿಎಚ್‌.ಡಿ. ಪಡೆದು ಊರಿಗೆ ಮರಳಿದರು. ಲಂಡನ್ನಿನಲ್ಲಿ ಅವರು ಕೈಗೆತ್ತಿಕೊಂಡಿದ್ದ ವಿಷಯ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ತೊಂದರೆ. ಮುಂದೆ ಕರುಳಿನಲ್ಲಿ ನೀರು ತುಂಬುವುದನ್ನು ಅವರು ಅಷ್ಟು ಸೂಕ್ಷ್ಮವಾಗಿ ಗಮನಿಸಿದ್ದಕ್ಕೆ ಈ ಪಳಗಿದ ಕಣ್ಣೂ ಒಂದು ಕಾರಣವಿರಬೇಕು ಎಂದು ನಾನು ಭಾವಿಸುತ್ತೇನೆ. ಹಿಂದಿರುಗಿದ ಮೇಲೆ ಅವರು ನೀಲ್‌ರತನ್ ಸರ್ಕಾರ್ ವೈದ್ಯಕೀಯ ಕಾಲೇಜಿನಲ್ಲಿಯೂ 1955ರಿಂದ ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿಯೂ ಪಾಠ ಹೇಳುತ್ತಲೇ ಪ್ರಯೋಗಗಳನ್ನು ಮಾಡಿದರು. 1973ರಲ್ಲಿ ನಿವೃತ್ತರಾದರು.

ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಅವರು 1884ರಲ್ಲೇ ಗುರುತಿಸಿದ್ದರಲ್ಲವೇ? ತಿಳಿಯಲು ಇನ್ನೇನು ಉಳಿದಿತ್ತು?

ಹೌದು, ಕಾಖ್ ಅವರು ಇದೇ ಕೋಲ್ಕತ್ತದಲ್ಲಿ ಆ ಬಾಗಿದ ಆಕಾರದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು; ಇಟಲಿಯ ಫಿಲಿಪ್ಪೊ ಪಚೀನಿ ಅದನ್ನು 1854ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಆದರೆ ಅಪರಾಧಿ ಯಾರೆಂದು ತಿಳಿಯುವುದು ಬೇರೆ, ಅಪರಾಧ ನಡೆದ ಬಗೆ ತಿಳಿಯುವುದು ಬೇರೆ. ಬ್ಯಾಕ್ಟೀರಿಯಾ ಒಂದು ವಿಷವನ್ನು ಉತ್ಪಾದಿಸುತ್ತಿರಬೇಕೆಂದು ಕಾಖ್ ಊಹಿಸಿದ್ದರೂ ಅದನ್ನು ತೋರಿಸಲು ಅವರಿಗಾಗಲಿಲ್ಲ. ಅವರ ನಂತರ ಬಂದವರು ಆ ವಿಷವನ್ನು ಹುಡುಕುತ್ತ ಬ್ಯಾಕ್ಟೀರಿಯಾವನ್ನೋ ಅದರ ಸಾರವನ್ನೋ ಪ್ರಾಣಿಗಳ ಚರ್ಮದಡಿಗೆ, ಹೊಟ್ಟೆಯ ಪೊಳ್ಳಿಗೆ, ರಕ್ತನಾಳಕ್ಕೆ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವೇ ಹೊರತು ಒಂದಕ್ಕೂ ಕಾಲರಾದಂಥ ಭೇದಿ ಆಗಲಿಲ್ಲ. ಬ್ಯಾಕ್ಟೀರಿಯಾ ಒಡೆದಾಗ ಹೊರಬೀಳುವ, ಅದರ ಮೈಯ ಭಾಗವೇ ಆದ ವಿಷವೇ ರೋಗಕ್ಕೆ ಕಾರಣ ಎಂಬ ತಪ್ಪು ತೀರ್ಮಾನ ಇದರಿಂದ ಬೇರೂರಿತು. ಹೀಗೆ ಸುಮಾರು ಎಪ್ಪತ್ತು ವರ್ಷ ಕಳೆದುಹೋಯಿತು.

ದೇ ಅವರ ಪ್ರಯೋಗದಲ್ಲಿ ಅಂಥದ್ದೇನಿತ್ತು?

ರೋಗ ನಡೆಯುವ ಜಾಗದಲ್ಲೇ ಅದರ ಕಾರಣವನ್ನು ಪರೀಕ್ಷಿಸಿದ್ದು ಅದರ ಹೆಚ್ಚುಗಾರಿಕೆ. ಕಾಲರಾದ ಬ್ಯಾಕ್ಟೀರಿಯಾ ಮನುಷ್ಯನ ರಕ್ತಕ್ಕೆ ಇಳಿಯುವುದಿಲ್ಲ, ಸಣ್ಣ ಕರುಳಿನ ಒಳಮೈಗೆ ಅಂಟಿಕೊಂಡೇ ಇರುತ್ತದೆ. ಹಾಗಿದ್ದ ಮೇಲೆ ಅದನ್ನು ರಕ್ತಕ್ಕೇಕೆ ಚುಚ್ಚಬೇಕು ಎಂಬ ಪ್ರಶ್ನೆ ಈಗ ತೀರ ಸಹಜವೆನಿಸುತ್ತದೆ. ಆದರೆ ಆ ಕಾಲದಲ್ಲಿ ಅದನ್ನು ಕೇಳಿ, ಉತ್ತರಕ್ಕಾಗಿ ಪ್ರಯೋಗಕ್ಕೆ ಇಳಿದವರು ವಿರಳ.

ಮೊಲವನ್ನು ಉಪವಾಸವಿಟ್ಟು, ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ತೆರೆದು, ಸಣ್ಣ ಕರುಳಿನ ಕೆಲವು ಅಂಗುಲ ಉದ್ದದ ಭಾಗವೊಂದನ್ನು ಎರಡೂ ತುದಿಗಳಲ್ಲಿ ರೇಷ್ಮೆ ದಾರದಿಂದ ಕಟ್ಟಲಾಗುತ್ತಿತ್ತು. ಆ ಭಾಗಕ್ಕೆ ಹೋಗುವ ರಕ್ತನಾಳಗಳನ್ನು ಮುಟ್ಟುತ್ತಿರಲಿಲ್ಲ, ಹಾಗಾಗಿ ಕರುಳು ಜೀವಂತವಾಗಿಯೇ ಉಳಿಯುತ್ತಿತ್ತು. ಕಟ್ಟಿದ ಭಾಗದೊಳಕ್ಕೆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೂಜಿಯಿಂದ ಸೇರಿಸಿ, ಹೊಟ್ಟೆಯನ್ನು ಹೊಲಿದು, ಒಂದು ದಿನ ಕಾದು, ಮತ್ತೆ ತೆರೆದು ನೋಡುವುದು. ಬ್ಯಾಕ್ಟೀರಿಯಾ ಇಲ್ಲದ ದ್ರವವನ್ನು ಪಡೆದ ಭಾಗ ಎಂದಿನಂತೆ ಚಪ್ಪಟೆಯಾಗಿ, ಒಳಗೇನೂ ಇಲ್ಲದೆ ಮಡಿಚಿಕೊಂಡಿರುತ್ತಿತ್ತು. ಕಾಲರಾದ ಬ್ಯಾಕ್ಟೀರಿಯಾ ಪಡೆದ ಭಾಗ ನೀರು ತುಂಬಿ, ಎಳೆಯ ಸೌತೆಕಾಯಿಯಂತೆ ಬಿಗಿದು ಉಬ್ಬಿರುತ್ತಿತ್ತು. ಚುಚ್ಚಿ ತೆಗೆದರೆ ಹೊರಬರುತ್ತಿದ್ದುದು ಕಾಲರಾ ರೋಗಿಯ ಮಲವನ್ನೇ ಹೋಲುವ, ಅಕ್ಕಚ್ಚಿನ ಬಣ್ಣದ ನೀರು. ಈ ವಿಧಾನವನ್ನು ದೇ ಅವರು ಸಹೋದ್ಯೋಗಿಯೊಬ್ಬರ ಜೊತೆಗೂಡಿ 1953ರಲ್ಲಿ ಪ್ರಕಟಿಸಿದರು. ಇದಕ್ಕೆ ಬೇಕಾದದ್ದು ಮೊಲ, ದಾರ, ಸೂಜಿ, ಮತ್ತು ಕೈಯ ನಯ. ದುಬಾರಿ ಯಂತ್ರ ಒಂದೂ ಇರಲಿಲ್ಲ.

1959ರ ಪ್ರಬಂಧಕ್ಕೆ ಅಷ್ಟು ಮಹತ್ವ ಏಕೆ?

1953ರ ಪ್ರಯೋಗ ಬ್ಯಾಕ್ಟೀರಿಯಾ ಇದ್ದರೆ ನೀರು ತುಂಬುತ್ತದೆ ಎಂದಷ್ಟೇ ಹೇಳಿತು. ಜೀವಂತ ಬ್ಯಾಕ್ಟೀರಿಯಾವೇ ಕರುಳನ್ನು ಕೆಡಿಸುತ್ತದೆಯೋ, ಅದು ಹೊರಬಿಡುವ ಯಾವುದೋ ವಸ್ತುವೋ ಎಂಬುದು ತಿಳಿಯಬೇಕಿತ್ತು. ದೇ ಅವರು ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿ, ಬರೀ ಆ ಸೋಸಿದ ದ್ರವವನ್ನೇ ಕಟ್ಟಿದ ಕರುಳಿಗೆ ಸೇರಿಸಿದರು. ಕರುಳು ಅದೇ ರೀತಿ ಉಬ್ಬಿತು. ಬ್ಯಾಕ್ಟೀರಿಯಾ ತಾನು ಬದುಕಿರುವಾಗಲೇ ಸುತ್ತಲ ದ್ರವಕ್ಕೆ ವಿಷವೊಂದನ್ನು ಬಿಡುತ್ತದೆ, ರೋಗಕ್ಕೆ ಆ ವಿಷವೇ ಸಾಕು ಎಂಬುದು ಇದರಿಂದ ಸ್ಥಾಪಿತವಾಯಿತು. ಈ ಫಲಿತಾಂಶ 1959ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಪ್ರಬಂಧಕ್ಕೆ ದೇ ಒಬ್ಬರೇ ಲೇಖಕರು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಸಂಗಡಿಗರು, ಬ್ಯಾಕ್ಟೀರಿಯಾವನ್ನು ಒಡೆದು ಪಡೆದ ಸಾರದಿಂದ ಮೊಲದ ಮರಿಗಳಲ್ಲಿ ಕಾಲರಾದಂಥ ಭೇದಿ ಉಂಟಾಗುವುದನ್ನು ತೋರಿಸಿದರು ಎಂಬುದನ್ನೂ ಇಲ್ಲಿ ನೆನೆಯುವುದು ನ್ಯಾಯ.

ಹತ್ತು ವರ್ಷಗಳ ನಂತರ, 1969ರಲ್ಲಿ, ಅಮೆರಿಕದ ರಿಚರ್ಡ್ ಫಿಂಕೆಲ್‌ಸ್ಟೀನ್ ಮತ್ತು ಅವರ ಸಹೋದ್ಯೋಗಿ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು.

ಆ ವಿಷ ಕರುಳಿನ ಜೀವಕೋಶದಲ್ಲಿ ಮಾಡುವುದಾದರೂ ಏನು?

ಅದು ಒಂದು ಪ್ರೋಟೀನ್. ಅದರಲ್ಲಿ 'ಬಿ' ಎಂದು ಕರೆಯುವ ಐದು ತುಂಡುಗಳು ಉಂಗುರದಂತೆ ಕೂಡಿಕೊಂಡಿರುತ್ತವೆ, ಅವುಗಳ ಮೇಲೆ 'ಎ' ಎಂಬ ಒಂದು ತುಂಡು ಕುಳಿತಿರುತ್ತದೆ. 'ಬಿ' ತುಂಡುಗಳ ಕೆಲಸ ಕರುಳಿನ ಜೀವಕೋಶದ ಹೊರಮೈಯಲ್ಲಿರುವ ಜಿಎಂ1 ಎಂಬ ಕೊಬ್ಬು-ಸಕ್ಕರೆಯ ಅಣುವನ್ನು ಹಿಡಿದುಕೊಳ್ಳುವುದು. ಒಳಗೆ ಹೋಗಿ ಕೆಡುಕು ಮಾಡುವುದು 'ಎ' ತುಂಡು. ಜೀವಕೋಶದೊಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಜಿ-ಪ್ರೋಟೀನ್ ಒಂದಿದೆ. ಅದು ಅಗತ್ಯವಿದ್ದಾಗ ಹೊತ್ತಿಕೊಂಡು, ಸ್ವಲ್ಪ ಹೊತ್ತಿನಲ್ಲಿ ತಾನೇ ಆರಿಹೋಗಬೇಕು. ಕಾಲರಾದ ವಿಷ ಆ ಪ್ರೋಟೀನಿಗೆ ಒಂದು ರಾಸಾಯನಿಕ ಗುಂಪನ್ನು ಅಂಟಿಸಿ, ಅದು ಆರದಂತೆ ಮಾಡಿಬಿಡುತ್ತದೆ. ಸ್ವಿಚ್ಚು ಹೊತ್ತಿಕೊಂಡೇ ಇರುವುದರಿಂದ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಪ್ರಮಾಣ ಏರುತ್ತಲೇ ಹೋಗುತ್ತದೆ. ಅದರ ಪ್ರಭಾವದಿಂದ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ದ್ವಾರ ತೆರೆದುಕೊಂಡು, ಕ್ಲೋರೈಡ್ ಕರುಳಿನ ಪೊಳ್ಳಿಗೆ ಸುರಿಯುತ್ತದೆ. ಅದರ ಹಿಂದೆ ಸೋಡಿಯಂ, ಅವೆರಡರ ಹಿಂದೆ ನೀರು. ಜೊತೆಗೆ, ಉಪ್ಪನ್ನು ಒಳಕ್ಕೆ ಹೀರಿಕೊಳ್ಳುವ ಮಾಮೂಲು ದಾರಿಯೊಂದು ಮುಚ್ಚಿಹೋಗುತ್ತದೆ. ತೀವ್ರ ಕಾಲರಾದಲ್ಲಿ ದೊಡ್ಡವರು ಗಂಟೆಗೆ ಒಂದು ಲೀಟರ್‌ವರೆಗೂ ನೀರು ಕಳೆದುಕೊಳ್ಳಬಹುದು. ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು.

ಈ ಸಿಎಫ್‌ಟಿಆರ್ ದ್ವಾರವೇ ಹುಟ್ಟಿನಿಂದ ದೋಷಯುಕ್ತವಾಗಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಬರುತ್ತದೆ. ಜಿ-ಪ್ರೋಟೀನ್‌ಗಳ ಸಂಶೋಧನೆಗಾಗಿ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು; ಆ ಪ್ರೋಟೀನ್‌ಗಳನ್ನು ಅರ್ಥಮಾಡಿಕೊಳ್ಳಲು ಪ್ರಯೋಗಾಲಯಗಳಲ್ಲಿ ಬಳಕೆಯಾದ ಸಾಧನಗಳಲ್ಲಿ ಕಾಲರಾದ ವಿಷವೂ ಒಂದು.

ಅಷ್ಟು ಭೇದಿಯಾದರೆ ಕರುಳಿನ ಒಳಪದರ ಕಿತ್ತುಬರುವುದಿಲ್ಲವೇ?

ಇಲ್ಲ. ಇಡೀ ವಿಷಯದ ತಿರುಳು ಇದೇ. ಸತ್ತ ರೋಗಿಗಳ ಶವಪರೀಕ್ಷೆಯಲ್ಲಿ ಒಳಪದರ ಕಳಚಿದ್ದನ್ನು ಕಂಡವರು ಕಾಲರಾ ಕರುಳನ್ನು ಸುಲಿದುಹಾಕುತ್ತದೆ ಎಂದು ದೀರ್ಘಕಾಲ ನಂಬಿದ್ದರು. ಅದು ಸಾವಿನ ನಂತರ ಆಗುವ ಬದಲಾವಣೆ. ಜೀವಂತ ರೋಗಿಗಳ ಕರುಳಿನಿಂದ ಸಣ್ಣ ಚೂರನ್ನು ತೆಗೆದು ನೋಡಿದ ಅಧ್ಯಯನ 1960ರಲ್ಲಿ ಪ್ರಕಟವಾದಾಗ, ಒಳಪದರ ಅಖಂಡವಾಗಿರುವುದು ಕಂಡುಬಂತು. ಕಾಲರಾದ ಕರುಳು ಹರಿದ ಕೊಡವಲ್ಲ, ನಲ್ಲಿ ಮುಚ್ಚಲಾಗದೆ ಉಳಿದ ಗಟ್ಟಿ ಕೊಡ. ಹರಿದ ಕರುಳಾಗಿದ್ದರೆ ಬಾಯಿಂದ ಕುಡಿಸಿದ್ದು ವ್ಯರ್ಥವಾಗುತ್ತಿತ್ತು.

ಹಾಗಾದರೆ ಓಆರ್‌ಎಸ್ ಕಂಡುಹಿಡಿದವರು ದೇ ಅವರೇ?

ಅಲ್ಲ. ಅಭಿಮಾನದಿಂದ ಕೆಲವರು ಹಾಗೆ ಬರೆಯುತ್ತಾರೆ, ಆದರೆ ಅದು ಸರಿಯಲ್ಲ. ದೇ ಅವರ ಹೆಸರಿಗೆ ಇಲ್ಲದ ಕೀರ್ತಿಯನ್ನು ಅಂಟಿಸುವ ಅಗತ್ಯವೂ ಇಲ್ಲ. ಓಆರ್‌ಎಸ್ ಹಲವು ದಾರಿಗಳು ಕೂಡಿದ ಜಾಗದಲ್ಲಿ ಹುಟ್ಟಿತು. ಕೋಲ್ಕತ್ತದ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಬಾಯಿಯ ಮೂಲಕ ದ್ರವ ಕೊಟ್ಟು ಕಾಲರಾ ರೋಗಿಗಳನ್ನು ಉಪಚರಿಸಿದ್ದನ್ನು 1953ರಲ್ಲೇ 'ಲ್ಯಾನ್ಸೆಟ್'ನಲ್ಲಿ ಬರೆದಿದ್ದರು. ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ವಾಹಕದ ಮೂಲಕ ಜೊತೆಯಾಗಿ ಕರುಳಿನ ಜೀವಕೋಶಕ್ಕೆ ಸೇರುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದರು. ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಷ್, ಬಾಯಿಂದ ಕುಡಿಸುವ ಉಪ್ಪು-ಗ್ಲೂಕೋಸ್ ದ್ರವದಿಂದ ಡ್ರಿಪ್‌ನ ಅಗತ್ಯ ಬಹುಮಟ್ಟಿಗೆ ತಗ್ಗುತ್ತದೆ ಎಂದು 1968ರಲ್ಲಿ ತೋರಿಸಿದರು.

ಅದು ಆಸ್ಪತ್ರೆಯ ಹೊರಗೂ ನಡೆಯುತ್ತದೆ ಎಂದು ತೋರಿಸಿದವರು ದಿಲೀಪ್ ಮಹಾಲನಬಿಸ್. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಗಡಿಯ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತ್ತು, ಸಲೈನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ದ್ರವ ಕುಡಿಸುವ ಕೆಲಸವನ್ನು ರೋಗಿಯ ಮನೆಯವರಿಗೇ ಒಪ್ಪಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ. 3.6ಕ್ಕೆ ಇಳಿಯಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಇವುಗಳ ನಡುವೆ ದೇ ಅವರ ಪಾತ್ರವೆಂದರೆ, ಕಾಲರಾ ಒಂದು ವಿಷದ ಕೆಲಸವೆಂದು ತೋರಿಸಿ, ಕರುಳು ನೀರನ್ನು ಹೀರುವ ಮತ್ತು ಸುರಿಸುವ ಬಗೆಯತ್ತ ಸಂಶೋಧಕರ ಗಮನವನ್ನು ತಿರುಗಿಸಿದ್ದು.

ಉಪ್ಪಿನ ನೀರಿಗೆ ಸಕ್ಕರೆ ಏಕೆ ಬೇಕು? ಶಕ್ತಿಗಾಗಿಯೇ?

ಶಕ್ತಿ ಇಲ್ಲಿ ಗೌಣ. ವಿಷ ಉಪ್ಪಿನ ಒಂದು ದಾರಿಯನ್ನು ಮುಚ್ಚಿದರೂ, ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಹೋಗುವ ದಾರಿಯನ್ನು ಮುಟ್ಟುವುದಿಲ್ಲ. ಗ್ಲೂಕೋಸ್ ಇದ್ದರೆ ಸೋಡಿಯಂ ಅದರ ಜೊತೆಗೆ ಒಳಬರುತ್ತದೆ, ನೀರು ಹಿಂಬಾಲಿಸುತ್ತದೆ. ಭೇದಿ ನಿಲ್ಲುವುದಿಲ್ಲ, ಆದರೆ ಹೊರಹೋದಷ್ಟು ನೀರು ಒಳಗೆ ಸೇರುತ್ತಿರುತ್ತದೆ. ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲಲಿಲ್ಲವೆಂದು ಎಷ್ಟೋ ತಾಯಂದಿರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಅದು ಭೇದಿ ನಿಲ್ಲಿಸುವ ಔಷಧಿಯಲ್ಲ ಎಂಬುದನ್ನು ಮೊದಲೇ ತಿಳಿಸಿ ಹೇಳಬೇಕು.

ಸಕ್ಕರೆ ಹೆಚ್ಚಾದರೆ ಅಪಾಯ. ಗಾಢವಾದ ಸಿಹಿ ದ್ರವ ದೇಹದ ನೀರನ್ನೇ ಕರುಳಿಗೆ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ. ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸ ಓಆರ್‌ಎಸ್‌ಗೆ ಬದಲಿ ಆಗಲಾರವು. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದ ಪ್ರಕಾರ ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಸೋಡಿಯಂ ಕ್ಲೋರೈಡ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಔಷಧಿ ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಈ ಅಂಕಿಗಳನ್ನು ನೋಡಿ ಕೊಳ್ಳಿ.

ಪೊಟ್ಟಣ ಸಿಗದಿದ್ದರೆ ಏನು ಮಾಡಬೇಕು? ಗಂಜಿ, ಮಜ್ಜಿಗೆ, ಎಳನೀರು ನಡೆಯುತ್ತವೆಯೇ?

ಒಂದು ಲೀಟರ್ ಶುದ್ಧ ನೀರಿಗೆ ತಲೆಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಕ್ಕಿಂತ ಉಪ್ಪು ಹೆಚ್ಚಾಗಬಾರದು. ನಮ್ಮ ಮನೆಗಳ ಉಪ್ಪು ಹಾಕಿದ ಅಕ್ಕಿ ಗಂಜಿ ಒಳ್ಳೆಯದೇ, ಏಕೆಂದರೆ ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಉಪ್ಪು ಬೆರೆಸಿದ ನೀರು ಮಜ್ಜಿಗೆಯನ್ನೂ ಕೊಡಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ. ಸಾಧಾರಣ ಭೇದಿಯಲ್ಲಿ ಜೊತೆಗಿರಲಿ, ಕಾಲರಾದಂಥ ತೀವ್ರ ಭೇದಿಯಲ್ಲಿ ಅದನ್ನೇ ನೆಚ್ಚಿಕೊಳ್ಳಬೇಡಿ. ಪೊಟ್ಟಣ ಸಿಕ್ಕ ತಕ್ಷಣ ಓಆರ್‌ಎಸ್‌ಗೆ ಬದಲಾಯಿಸಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಆಂಟಿಬಯೋಟಿಕ್ ಬೇಡವೇ?

ತೀವ್ರ ಕಾಲರಾದಲ್ಲಿ ವೈದ್ಯರು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಕೊಡುತ್ತಾರೆ. ಭೇದಿಯ ಅವಧಿ ಮತ್ತು ಪ್ರಮಾಣ ಅದರಿಂದ ಕಡಿಮೆಯಾಗುತ್ತದೆ. ಆದರೆ ಜೀವಕೋಶಕ್ಕೆ ಆಗಲೇ ಅಂಟಿಕೊಂಡ ವಿಷವನ್ನು ಆಂಟಿಬಯೋಟಿಕ್ ಬಿಡಿಸಲಾರದು. ಸಾಮಾನ್ಯ ನೀರುಭೇದಿಗೆ ಅಂಗಡಿಯಿಂದ ತಾವೇ ತಂದು ನುಂಗುವುದು ತಪ್ಪು. ಮಕ್ಕಳಿಗೆ ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆಯನ್ನು 10ರಿಂದ 14 ದಿನ ಕೊಡುವುದು ಈಗಿನ ಶಿಫಾರಸು: ಆರು ತಿಂಗಳೊಳಗಿನ ಶಿಶುವಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಕ್ಕಳಿಗೆ 20 ಮಿಲಿಗ್ರಾಂ.

ದೇ ಅವರ ಕೆಲಸ ಕಾಲರಾಕ್ಕೆ ಮಾತ್ರ ಸೀಮಿತವೇ?

ಅಲ್ಲ. ಕರುಳಿನಲ್ಲಿ ಸಾಮಾನ್ಯವಾಗಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳೂ ಕಟ್ಟಿದ ಕರುಳಿನಲ್ಲಿ ನೀರು ತುಂಬಿಸುತ್ತವೆ ಎಂದು ಅವರ ತಂಡ 1956ರಲ್ಲೇ ಪ್ರಕಟಿಸಿತ್ತು. ಅಂಥ ತಳಿಗಳು ಬಿಡುವ ಒಂದು ವಿಷ ಕಾಲರಾದ ವಿಷವನ್ನೇ ಬಹಳವಾಗಿ ಹೋಲುತ್ತದೆ ಎಂಬುದು ಆಮೇಲೆ ತಿಳಿಯಿತು. ಚಿಕ್ಕ ಮಕ್ಕಳಿಗೂ ಪ್ರವಾಸಿಗರಿಗೂ ಬರುವ ನೀರುಭೇದಿಗೆ ಇವು ದೊಡ್ಡ ಕಾರಣ. ನನ್ನ ಮಟ್ಟಿಗೆ, ಈ ಪ್ರಬಂಧ 1959ರ ಪ್ರಬಂಧದ ನೆರಳಿನಲ್ಲಿ ಅನ್ಯಾಯವಾಗಿ ಮರೆಯಾಗಿದೆ.

ಅವರಿಗೆ ನೊಬೆಲ್ ಏಕೆ ಬರಲಿಲ್ಲ?

ನೊಬೆಲ್ ಪುರಸ್ಕೃತ ಜಾಶುವಾ ಲೆಡರ್‌ಬರ್ಗ್ ಅವರು ದೇ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. 1978ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕಾಲರಾ ಕುರಿತು ನಡೆದ ನೊಬೆಲ್ ವಿಚಾರಗೋಷ್ಠಿಗೆ ಅವರನ್ನು ಕರೆಸಲಾಯಿತು. ಅರುವತ್ತರ ದಶಕದ ಆರಂಭದಿಂದಲೇ ತಾನು ಸತ್ತಂತಿದ್ದೆ, ಈ ಗೋಷ್ಠಿ ತನ್ನನ್ನು ಮೇಲೆತ್ತಿತು ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ವಿಷವನ್ನು ಶುದ್ಧೀಕರಿಸುವ ಮುಂದಿನ ಹೆಜ್ಜೆಗೆ ಬೇಕಾದ ಜೀವರಸಾಯನ ಸೌಲಭ್ಯ ಅವರ ಕೈಗೆಟುಕಲಿಲ್ಲ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡಾಗ ದೇಶದ ದೊಡ್ಡ ಗೌರವಗಳಲ್ಲಿ ಒಂದೂ ಅವರಿಗೆ ಸಂದಿರಲಿಲ್ಲ. ಇದನ್ನು ಬರೆಯುವಾಗ ಇಂದಿಗೂ ನೋವಾಗುತ್ತದೆ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ 1990ರಲ್ಲಿ ಅವರ ಕೆಲಸಕ್ಕೇ ಮೀಸಲಾದ ವಿಶೇಷ ಸಂಚಿಕೆಯನ್ನು ತಂದಿತು.

ವಿಷವನ್ನೇ ತಡೆಯುವ ಹೊಸ ಚಿಕಿತ್ಸೆಗಳು ಬಂದಿವೆಯೇ?

ಪ್ರಯತ್ನಗಳು ನಡೆದಿವೆ. ಬಾಯಿಯ ಮೂಲಕ ಕೊಡುವ ಕಾಲರಾ ಲಸಿಕೆಗಳಲ್ಲಿ ಒಂದು ಬಗೆಯದರಲ್ಲಿ ಸತ್ತ ಬ್ಯಾಕ್ಟೀರಿಯಾದ ಜೊತೆಗೆ ವಿಷದ ನಿರುಪದ್ರವಿ 'ಬಿ' ತುಂಡನ್ನೂ ಸೇರಿಸುತ್ತಾರೆ. ಸತ್ತ ಬ್ಯಾಕ್ಟೀರಿಯಾ ಮಾತ್ರ ಇರುವ ಅಗ್ಗದ ಲಸಿಕೆಯೊಂದನ್ನು ಕೋಲ್ಕತ್ತದ ಕೊಳೆಗೇರಿಗಳಲ್ಲಿ ಪರೀಕ್ಷಿಸಿದಾಗ ಐದು ವರ್ಷಗಳ ಅವಧಿಯಲ್ಲಿ ಶೇ. 65ರಷ್ಟು ರಕ್ಷಣೆ ಕಂಡುಬಂತು. ಕ್ಲೋರೈಡ್ ದ್ವಾರವನ್ನು ತಡೆಯುವ ಕ್ರೊಫೆಲೆಮರ್ ಎಂಬ ಔಷಧಿಯನ್ನು ದಕ್ಷಿಣ ಅಮೆರಿಕದ ಮರವೊಂದರ ಕೆಂಪು ರಸದಿಂದ ತೆಗೆಯುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಎಚ್‌ಐವಿ ಇರುವವರ ಭೇದಿಗಾಗಿ, ಕಾಲರಾಕ್ಕಾಗಿ ಅಲ್ಲ. ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದರೊಳಗೆ ಸೇರಿಕೊಂಡ ವೈರಸ್ಸೊಂದು ಹೊತ್ತು ತಂದದ್ದು ಎಂದು ವಾಲ್ಡರ್ ಮತ್ತು ಮೆಕಲಾನೋಸ್ 1996ರಲ್ಲಿ ತೋರಿಸಿದರು. ನಿರುಪದ್ರವಿ ತಳಿಯೊಂದು ಆ ವೈರಸ್ ತಗುಲಿ ರೋಗಕಾರಕವಾಗಬಲ್ಲದು ಎಂಬುದು ಇದರಿಂದ ಗೊತ್ತಾಯಿತು.

ಮಗು ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ?

ಹತ್ತು ನಿಮಿಷ ಸುಮ್ಮನಿದ್ದು, ಮತ್ತೆ ಶುರುಮಾಡಿ. ಲೋಟವನ್ನು ಬಾಯಿಗಿಡಬೇಡಿ, ಮಗುವನ್ನು ಮಡಿಲಲ್ಲಿ ತಲೆ ತುಸು ಎತ್ತರವಾಗುವಂತೆ ಕೂರಿಸಿಕೊಂಡು, ಒಂದು ಟೀ ಚಮಚ ದ್ರವ ಕೊಟ್ಟು, ಅದು ನುಂಗಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಚಮಚ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಹೀಗೆ ನಿಧಾನವಾಗಿ ಸೇರಬೇಕು. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯಲು ಆಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತು ನಿಧಾನವಾಗಿ ಇಳಿದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೊರಡಿ. ಮಗು ನುಂಗುವ ಸ್ಥಿತಿಯಲ್ಲಿದ್ದರೆ ದಾರಿಯುದ್ದಕ್ಕೂ ಚಮಚದಿಂದ ಕುಡಿಸುತ್ತಲೇ ಇರಿ.